'ಲುಕ್ ಫಾರ್ವರ್ಡ್ ಟು' ಸರಿಯಾಗಿ ಬಳಸೋದು ಹೇಗೆ? ಕನ್ನಡ ಬಲ್ಲವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಮೈಸೂರಿನಲ್ಲಿ ಈಗ ಇಂಗ್ಲಿಷ್ ಇಮೇಲ್ ಬರೆಯದೇ ಕೆಲಸ ಸಾಗೋದು ಕಷ್ಟ. ಗೋಕುಲಂನಲ್ಲಿ ಯೋಗ ಕಲಿಯೋಕೆ ಬರುವ ವಿದೇಶಿಯರಿಗೆ ಮನೆ ಬಾಡಿಗೆ ಕೊಡುವವರು, ಹೆಬ್ಬಾಳು, ಹೂಟಗಳ್ಳಿ ಕಡೆಯ ಕಂಪನಿಗಳಿಗೆ ಅರ್ಜಿ ಹಾಕುವ ಹುಡುಗ ಹುಡುಗಿಯರು, ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮುಗಿಸಿ ಹೊರದೇಶದ ಪ್ರೊಫೆಸರಿಗೆ ಪಿಎಚ್‌ಡಿ ಸೀಟು ಕೇಳುವವರು, ಅಗರಬತ್ತಿ ರಫ್ತು ಮಾಡುವವರು, ಮಂಡ್ಯದಿಂದ ಬೆಲ್ಲ ಕಳಿಸುವವರು, ಎಲ್ಲರೂ ಬರೀತಾರೆ. ಪತ್ರ ಮುಗಿಸುವಾಗ ಹೆಚ್ಚಿನವರು ಹಿಡಿಯೋದು ಒಂದೇ ಮಾತು: 'ಲುಕಿಂಗ್ ಫಾರ್ವರ್ಡ್ ಟು' ಇಂಥದ್ದು, ಅಂದ್ರೆ ಇಂಥದ್ದನ್ನ ಖುಷಿಯಿಂದ ಎದುರು ನೋಡ್ತಾ ಇದ್ದೀನಿ ಅಂತ. ಅಷ್ಟೂ ಹೊತ್ತು ಚೆನ್ನಾಗಿ ಬರೆದವರು ಇಲ್ಲಿಗೆ ಬಂದು ಎಡವುತ್ತಾರೆ. ಅದು ಪತ್ರದ ಕೊನೆ ಸಾಲು ಬೇರೆ. ಓದುವವರು ನೋಡಿ ಮುಚ್ಚೋದು ಅದನ್ನೇ.

ಇದನ್ನ ಸರಿಯಾಗಿ ಬಳಸೋಕೆ ಇಂಗ್ಲಿಷ್ ಮೀಡಿಯಂನಲ್ಲೇ ಓದಿರಬೇಕು ಅಂತ ಏನಿಲ್ಲ. ಇದರ ಮುಖ್ಯ ನಿಯಮ ಕನ್ನಡ ಮಾತಾಡುವವರ ಬಾಯಲ್ಲಿ ಆಗಲೇ ಇದೆ. ಅದನ್ನ ಹೇಗೆ ಉಪಯೋಗಿಸಿಕೊಳ್ಳೋದು ಅಂತ ಇಲ್ಲಿ ಹೇಳ್ತೀನಿ. ಕನ್ನಡ ನಮ್ಮನ್ನ ದಾರಿ ತಪ್ಪಿಸುವ ಜಾಗಗಳೂ ಇವೆ, ಅವನ್ನೂ ಬಿಡೋದಿಲ್ಲ.

ಮೊದಲು, ಆ 'ಟು' ಯಾವುದು ಅಂತ ಗುರುತು ಹಿಡಿಯಿರಿ

ಸ್ಕೂಲಲ್ಲಿ ನಮಗೆಲ್ಲ ಕಲಿಸಿದ್ದು 'ಟು ಗೋ', 'ಟು ಕಮ್', 'ಟು ಈಟ್'. 'ಟು' ಬಂದ್ರೆ ಮುಂದೆ ಕ್ರಿಯಾಪದದ ಮೂಲರೂಪ. ಅದು ತಲೇಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದ್ರೆ, 'ಐ ಲುಕ್ ಫಾರ್ವರ್ಡ್ ಟು' ಅಂತ ಬರೆದ ತಕ್ಷಣ ಕೈ ತಾನಾಗಿ 'ಮೀಟ್ ಯೂ' ಅಂತ ಬರೆದುಬಿಡುತ್ತೆ. 'ಐ ಲುಕ್ ಫಾರ್ವರ್ಡ್ ಟು ಮೀಟ್ ಯೂ'. ಇದು ತಪ್ಪು. ಸರಿಯಾದ್ದು 'ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯೂ'.

ಇಂಗ್ಲಿಷಿನಲ್ಲಿ 'ಟು' ಎರಡು ಥರ ಇದೆ. ಒಂದು 'ಐ ವಾಂಟ್ ಟು ಮೀಟ್' ಅನ್ನೋದರಲ್ಲಿ ಇರೋದು. ಅದು ಕ್ರಿಯಾಪದದ ಜೊತೆಗೇ ಬರೋದು. ಇನ್ನೊಂದು 'ಐ ವೆಂಟ್ ಟು ಮಂಡ್ಯ' ಅನ್ನೋದರಲ್ಲಿ ಇರೋದು. ಇದರ ಮುಂದೆ ಊರು, ವಸ್ತು, ವ್ಯಕ್ತಿ, ಒಟ್ಟಿನಲ್ಲಿ ಒಂದು ನಾಮಪದ ಬೇಕು. 'ಲುಕ್ ಫಾರ್ವರ್ಡ್ ಟು' ಒಳಗಿರೋದು ಈ ಎರಡನೇ 'ಟು'. ಹಾಗಾಗಿ ಮುಂದೆ ಕ್ರಿಯಾಪದ ಹಾಕಲೇಬೇಕು ಅಂದ್ರೆ ಅದಕ್ಕೆ 'ಇಂಗ್' ಸೇರಿಸಿ ನಾಮಪದ ಮಾಡಬೇಕು.

ಈಗ ಕನ್ನಡದ ಪರೀಕ್ಷೆ. 'ಅಣ್ಣ ಊರಿಗೆ ಬರೋದನ್ನೇ ಎದುರು ನೋಡ್ತಾ ಇದ್ದೀವಿ' ಅಂತೀವಿ. 'ಅಣ್ಣ ಬರೋಕೆ ಎದುರು ನೋಡ್ತಾ ಇದ್ದೀವಿ' ಅಂತ ಮೈಸೂರಲ್ಲಾಗಲಿ ಮಂಡ್ಯದಲ್ಲಾಗಲಿ ಯಾರೂ ಅನ್ನಲ್ಲ. 'ಬರೋದು' ಅಂತ ಮೊದಲು ಕ್ರಿಯೆಯನ್ನ ಒಂದು ಹೆಸರು ಮಾಡಿಕೊಂಡು, ಅದಕ್ಕೆ 'ಅನ್ನು' ಸೇರಿಸ್ತೀವಿ. ಇಂಗ್ಲಿಷಿನವರೂ ಮಾಡೋದು ಇದನ್ನೇ. 'ಬರೋದು' ಅನ್ನೋದರ ಕೊನೆಯಲ್ಲಿರೋ ನಮ್ಮ 'ಓದು' ಬರುವ ಕಡೆ ಅವರ 'ಇಂಗ್'. ಭೇಟಿಯಾಗೋದು, ಮೀಟಿಂಗ್. ಕೆಲಸ ಮಾಡೋದು, ವರ್ಕಿಂಗ್. ನೋಡೋದು, ಸೀಯಿಂಗ್. ಅದೇ 'ವಾಂಟ್', 'ಹೋಪ್', 'ಪ್ಲಾನ್' ಬಂದಾಗ ನಾವು 'ಭೇಟಿಯಾಗಲು ಬಯಸುತ್ತೇನೆ', 'ಬರೋಕೆ ಪ್ಲಾನ್ ಮಾಡಿದ್ದೀನಿ' ಅಂತೀವಿ. ಅಲ್ಲಿ ಪದದ ಕೊನೆಗೆ ಬರೋದು 'ಅಲು' ಅಥವಾ 'ಓಕೆ'. ಇಂಗ್ಲಿಷಲ್ಲೂ ಅಲ್ಲಿ ಬರೀ ಮೂಲರೂಪ: 'ಐ ಹೋಪ್ ಟು ಮೀಟ್ ಯೂ', 'ಐ ಪ್ಲಾನ್ ಟು ಕಮ್'.

ಹಾಗಾಗಿ ಅನುಮಾನ ಬಂದಾಗ ಆ ಸಾಲನ್ನ ಒಂದು ಸಲ ಮನಸ್ಸಲ್ಲೇ ಕನ್ನಡದಲ್ಲಿ ಹೇಳಿಕೊಳ್ಳಿ. 'ಓದನ್ನ' ಬಂತಾ, 'ಇಂಗ್' ಹಾಕಿ. ಇತ್ತೀಚೆಗೆ ಕೆಲವು ಜಾಹೀರಾತುಗಳಲ್ಲಿ 'ನಿಮ್ಮನ್ನು ಭೇಟಿಯಾಗಲು ಎದುರು ನೋಡುತ್ತಿದ್ದೇವೆ' ಅಂತ ಬರೀತಾರೆ, ಅದು ತಪ್ಪು ಇಂಗ್ಲಿಷನ್ನ ಇದ್ದಹಾಗೇ ಕನ್ನಡಕ್ಕೆ ಇಳಿಸಿದ್ದು, ಅದನ್ನ ನಂಬಬೇಡಿ, ಮನೇಲಿ ಅಜ್ಜಿ ಹೇಗೆ ಹೇಳ್ತಾರೋ ಹಾಗೆ ಹೇಳಿ ನೋಡಿ.

ಇನ್ನೊಂದು ಪರೀಕ್ಷೆಯೂ ಇದೆ. 'ಟು' ಆದಮೇಲೆ ಸುಮ್ನೆ 'ಇಟ್' ಅಂತ ಹಾಕಿ ನೋಡಿ. 'ಐ ಲುಕ್ ಫಾರ್ವರ್ಡ್ ಟು ಇಟ್'. ಸರಿಹೋಗುತ್ತೆ. 'ಐ ವಾಂಟ್ ಟು ಇಟ್'. ಹೋಗಲ್ಲ. 'ಇಟ್' ಕೂರುವ ಕಡೆ 'ಇಂಗ್' ಕೂರುತ್ತೆ. ಇದು ಬೇರೆ ಮಾತುಗಳಿಗೂ ಕೆಲಸಕ್ಕೆ ಬರುತ್ತೆ. 'ಐ ಆಮ್ ಯೂಸ್ಡ್ ಟು ಇಟ್' ಸರಿ, ಹಾಗಾಗಿ 'ಐ ಆಮ್ ಯೂಸ್ಡ್ ಟು ವೇಕಿಂಗ್ ಅಪ್ ಅರ್ಲಿ'. 'ಕಮಿಟೆಡ್ ಟು', 'ಆಬ್ಜೆಕ್ಟ್ ಟು', 'ಇನ್ ಅಡಿಷನ್ ಟು', ಎಲ್ಲ ಇದೇ ಗುಂಪು.

ಎರಡನೇ ಹೆಜ್ಜೆ: ನಾಮಪದಾನೋ ಕ್ರಿಯಾಪದಾನೋ ನೋಡಿಕೊಳ್ಳಿ

ಎಲ್ಲ ಕಡೆ 'ಇಂಗ್' ಬೇಕಿಲ್ಲ. 'ಐ ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ' ಪೂರ್ತಿ ಸರಿ, ಯಾಕಂದ್ರೆ ಇಲ್ಲಿ 'ರಿಪ್ಲೈ' ಅಂದ್ರೆ ಉತ್ತರ, ನಾಮಪದ. ಗೊಂದಲ ಹುಟ್ಟೋದೇ ಇಲ್ಲಿ ಅನ್ನಿಸುತ್ತೆ ನನಗೆ. ರಿಪ್ಲೈ, ವಿಸಿಟ್, ವರ್ಕ್, ಕಾಲ್, ಸಪೋರ್ಟ್, ಇವೆಲ್ಲ ಇಂಗ್ಲಿಷಲ್ಲಿ ನಾಮಪದವೂ ಹೌದು, ಕ್ರಿಯಾಪದವೂ ಹೌದು. 'ಟು ಯುವರ್ ರಿಪ್ಲೈ', 'ಟು ಯುವರ್ ವಿಸಿಟ್' ಅಂತ ಕೇಳಿ ಕೇಳಿ, 'ಟು ವಿಸಿಟ್ ಮೈಸೂರು' ಕೂಡ ಸರಿ ಇರಬೇಕು ಅಂದುಕೊಂಡುಬಿಡ್ತೀವಿ.

ಬೇರೆ ಮಾಡೋದು ಸುಲಭ. ಆ ಪದದ ಹಿಂದೆ 'ಯುವರ್', 'ಮೈ', 'ದಿ', 'ಎ' ಥರದ್ದು ಇದ್ರೆ ಅದು ನಾಮಪದ, ಮುಟ್ಟಬೇಡಿ. ಏನೂ ಇಲ್ಲದೆ ಬರೀ ಪದ ಇದ್ದು, ಮುಂದೆ ಅದರ ಕರ್ಮ ಬಂದಿದ್ರೆ ಅದು ಕ್ರಿಯಾಪದ, 'ಇಂಗ್' ಸೇರಿಸಿ. 'ಐ ಲುಕ್ ಫಾರ್ವರ್ಡ್ ಟು ಮೈ ವಿಸಿಟ್ ಟು ಮೈಸೂರು' ಸರಿ. 'ಐ ಲುಕ್ ಫಾರ್ವರ್ಡ್ ಟು ವಿಸಿಟಿಂಗ್ ಮೈಸೂರು' ಸರಿ. 'ಐ ಲುಕ್ ಫಾರ್ವರ್ಡ್ ಟು ವಿಸಿಟ್ ಮೈಸೂರು' ಮಾತ್ರ ಬೇಡ.

ಒಂದೇ ವಾಕ್ಯದಲ್ಲಿ ಎರಡು 'ಟು' ಬಂದ್ರೆ ಗಾಬರಿ ಆಗಬೇಡಿ. 'ಐ ಲುಕ್ ಫಾರ್ವರ್ಡ್ ಟು ದಿ ಆಪರ್ಚುನಿಟಿ ಟು ವರ್ಕ್ ವಿತ್ ಯೂ'. ಮೊದಲನೇ 'ಟು' ಆದಮೇಲೆ 'ದಿ ಆಪರ್ಚುನಿಟಿ' ಅನ್ನೋ ನಾಮಪದ ಬಂದಾಯ್ತು, ಅದರ ಕೆಲಸ ಮುಗೀತು. ಎರಡನೇದು ಬೇರೆ, 'ಕೆಲಸ ಮಾಡುವ ಅವಕಾಶ' ಅನ್ನೋದಕ್ಕೆ ಸೇರಿದ್ದು. ಅಲ್ಲಿ 'ವರ್ಕ್' ಹಾಗೇ ಇರಲಿ.

ಮೂರನೇ ಹೆಜ್ಜೆ: ಎದುರಿಗಿರುವವರು ಯಾರು ಅಂತ ನೋಡಿ ರೂಪ ಆರಿಸಿ

ರೂಪ ಮೂರು ಇವೆ. 'ಐ ಲುಕ್ ಫಾರ್ವರ್ಡ್ ಟು' ಗಂಭೀರ. ಪರಿಚಯ ಇಲ್ಲದವರು, ಕಂಪನಿ, ಯೂನಿವರ್ಸಿಟಿ, ಬ್ಯಾಂಕ್, ಇವರಿಗೆ ಇದೇ ಇರಲಿ. 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು' ಸ್ವಲ್ಪ ಹತ್ತಿರದವರಿಗೆ, ಜೊತೆಗೆ ಕೆಲಸ ಮಾಡುವವರಿಗೆ, ಪದೇ ಪದೇ ಮಾತಾಡುವ ಗ್ರಾಹಕರಿಗೆ. 'ಐ ಆಮ್' ಬಿಟ್ಟು ಬರೀ 'ಲುಕಿಂಗ್ ಫಾರ್ವರ್ಡ್ ಟು' ಅಂದ್ರೆ ಇನ್ನೂ ಸಲುಗೆ, ವಾಟ್ಸಾಪ್ ಮೆಸೇಜಿಗೆ ಸರಿಯಾಗಿ ಹೊಂದುತ್ತೆ.

ಈ ಮೂರನ್ನ ಕಲಸಬೇಡಿ. 'ಐ ಆಮ್ ಲುಕ್ ಫಾರ್ವರ್ಡ್' ಇಲ್ಲ. 'ಐ ಲುಕಿಂಗ್ ಫಾರ್ವರ್ಡ್' ಕೂಡ ಇಲ್ಲ. 'ತುಂಬಾ' ಅಂತ ಹೇಳಬೇಕಾದ್ರೆ 'ಐ ಆಮ್ ವೆರಿ ಲುಕಿಂಗ್ ಫಾರ್ವರ್ಡ್' ಅನ್ನೋ ಹಾಗಿಲ್ಲ. 'ಐ ಆಮ್ ರಿಯಲಿ ಲುಕಿಂಗ್ ಫಾರ್ವರ್ಡ್ ಟು' ಅಥವಾ ಗಂಭೀರವಾಗಿ 'ಐ ವೆರಿ ಮಚ್ ಲುಕ್ ಫಾರ್ವರ್ಡ್ ಟು'.

ಕನ್ನಡ ದಾರಿ ತಪ್ಪಿಸುವ ಜಾಗಗಳು

ಇದು ಸ್ವಲ್ಪ ನಿಧಾನವಾಗಿ ಓದಿ, ನಮ್ಮವರ ತಪ್ಪುಗಳು ಜಾಸ್ತಿ ಇರೋದೇ ಇಲ್ಲಿ.

ಮೊದಲನೇದು 'ಫಾರ್'. 'ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ರಿಪ್ಲೈ' ಅಂತ ಎಷ್ಟೊಂದು ಜನ ಬರೀತಾರೆ. 'ನಿಮ್ಮ ಉತ್ತರಕ್ಕಾಗಿ ಕಾಯುತ್ತಿದ್ದೇನೆ' ಅನ್ನೋ ನಮ್ಮ ಪತ್ರದ ಸಾಲಿನ 'ಆಗಿ' ಅಲ್ಲಿ 'ಫಾರ್' ಆಗಿ ನುಗ್ಗುತ್ತೆ. 'ಫಾರ್' ಬೇಕಾಗಿರೋದು 'ವೇಟ್' ಜೊತೆ: 'ಐ ಆಮ್ ವೇಟಿಂಗ್ ಫಾರ್ ಯುವರ್ ರಿಪ್ಲೈ'. 'ಲುಕ್ ಫಾರ್ವರ್ಡ್' ಜೊತೆ ಯಾವಾಗಲೂ 'ಟು'. ಇನ್ನು 'ಅವೇಟ್' ಅಂತ ಬರೆದ್ರೆ ಎರಡೂ ಬೇಡ, 'ಐ ಅವೇಟ್ ಯುವರ್ ರಿಪ್ಲೈ' ಅಷ್ಟೇ.

ಎರಡನೇದು 'ಅಂತ'. 'ನೀವು ದಸರಾಕ್ಕೆ ಬರ್ತೀರ ಅಂತ ಎದುರು ನೋಡ್ತಾ ಇದ್ದೀವಿ' ಅಂತ ನಾವು ಆರಾಮಾಗಿ ಹೇಳ್ತೀವಿ. ಅದನ್ನ ಹಾಗೇ 'ವಿ ಲುಕ್ ಫಾರ್ವರ್ಡ್ ದಟ್ ಯೂ ವಿಲ್ ಕಮ್' ಅಂದ್ರೆ ಇಂಗ್ಲಿಷ್ ಒಪ್ಪಲ್ಲ. 'ಬರ್ತೀರ ಅಂತ' ಅನ್ನೋದನ್ನ 'ನೀವು ಬರೋದನ್ನ' ಅಂತ ಬದಲಾಯಿಸಿಕೊಳ್ಳಿ, ಆಗ ದಾರಿ ಸಿಗುತ್ತೆ: 'ವಿ ಲುಕ್ ಫಾರ್ವರ್ಡ್ ಟು ಯೂ ಕಮಿಂಗ್ ಫಾರ್ ದಸರಾ'. ಗಂಭೀರ ಪತ್ರ ಆದ್ರೆ 'ಯೂ' ಬದಲು 'ಯುವರ್ ಕಮಿಂಗ್'. ಎರಡೂ ಸರಿ.

ಮೂರನೇದು ಮಾತು ನುಂಗೋದು. ಕನ್ನಡದಲ್ಲಿ 'ನಾಳೆ ಮೀಟಿಂಗ್ ಇದೆ' ಅಂದ್ರೆ 'ಹೌದು, ಎದುರು ನೋಡ್ತಾ ಇದ್ದೀನಿ' ಅಂದ್ರೆ ಸಾಕು. ಏನನ್ನ ಅಂತ ಹೇಳಬೇಕಿಲ್ಲ. ಇಂಗ್ಲಿಷಲ್ಲಿ ಆ 'ಏನನ್ನ' ಬಾಯಿಬಿಟ್ಟು ಹೇಳಬೇಕು: 'ಯೆಸ್, ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಇಟ್'. ಬರೀ 'ಲುಕಿಂಗ್ ಫಾರ್ವರ್ಡ್!' ಅಂತ ನಮ್ಮ ಆಫೀಸುಗಳಲ್ಲಿ ಓಡಾಡುತ್ತೆ, ಅರ್ಥವೂ ಆಗುತ್ತೆ, ಆದ್ರೆ ಹೊರಗಿನವರಿಗೆ ಬರೆಯುವಾಗ 'ಟು ಇಟ್' ಬಿಡಬೇಡಿ. ಪ್ರಶ್ನೆ ಕೇಳುವಾಗಲೂ ಕೊನೇಲಿ 'ಟು' ಉಳಿಯಬೇಕು: 'ವಾಟ್ ಆರ್ ಯೂ ಲುಕಿಂಗ್ ಫಾರ್ವರ್ಡ್ ಟು?'

ನಾಲ್ಕನೇದು ಅರ್ಥದ್ದು, ಇದೇ ಎಲ್ಲಕ್ಕಿಂತ ಸೂಕ್ಷ್ಮ. ನಮ್ಮ 'ಎದುರು ನೋಡು' ಬಹಳ ವಿಶಾಲ. ಬಸ್ಸನ್ನೂ ಎದುರು ನೋಡ್ತೀವಿ, ಮಳೆಯನ್ನೂ, ರಿಸಲ್ಟನ್ನೂ. ಬೇಜಾರಿನ ವಿಷಯಕ್ಕೂ ಆ ಮಾತು ಸಲ್ಲುತ್ತೆ. ಇಂಗ್ಲಿಷಿನ 'ಲುಕ್ ಫಾರ್ವರ್ಡ್ ಟು' ಒಳಗೆ ಖುಷಿ ಇರಲೇಬೇಕು. ನಾಳೆ ಮಳೆ ಬರಬಹುದು ಅನ್ನೋದಕ್ಕೆ, ಟ್ರೈನು ಆರು ಗಂಟೆಗೆ ಬರುತ್ತೆ ಅನ್ನೋದಕ್ಕೆ 'ಎಕ್ಸ್‌ಪೆಕ್ಟ್' ಸಾಕು. ಆಫೀಸಿನಲ್ಲಿ ಜೊತೆಗಿರುವವರ ತಂದೆ ತೀರಿಕೊಂಡಿದ್ದಾರೆ, ವೈಕುಂಠ ಸಮಾರಾಧನೆಗೆ ಕರೆದಿದ್ದಾರೆ, ಅದಕ್ಕೆ 'ಐ ಲುಕ್ ಫಾರ್ವರ್ಡ್ ಟು ಅಟೆಂಡಿಂಗ್' ಅಂತ ಬರೆದ್ರೆ ಓದಿದವರಿಗೆ ನೋವಾಗುತ್ತೆ. ವ್ಯಾಕರಣ ಸರಿ ಇದೆ, ಮಾತು ಸರಿ ಇಲ್ಲ. 'ಐ ವಿಲ್ ಬಿ ದೇರ್' ಅನ್ನಿ ಸಾಕು.

ಬೇಡದ ವಿಷಯಕ್ಕೆ 'ನಾಟ್' ಸೇರಿಸಿ ಹೇಳಬಹುದು. 'ಐ ಆಮ್ ನಾಟ್ ಲುಕಿಂಗ್ ಫಾರ್ವರ್ಡ್ ಟು ದಿ ಎಕ್ಸಾಮ್', ಪರೀಕ್ಷೆ ನೆನೆಸಿಕೊಂಡ್ರೆ ನನಗೆ ಖುಷಿ ಇಲ್ಲ ಅಂತ ಅರ್ಥ.

'ಹಿಯರಿಂಗ್ ಫ್ರಮ್ ಯೂ', ಅದನ್ನ ಒಡೆಯಬೇಡಿ

'ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯೂ' ಅಂದ್ರೆ ನಿಮ್ಮಿಂದ ಸುದ್ದಿ, ಉತ್ತರ ಬರೋದನ್ನ ಎದುರು ನೋಡ್ತೀನಿ ಅಂತ. 'ಫ್ರಮ್' ಬಿಟ್ಟು 'ಹಿಯರಿಂಗ್ ಯೂ' ಅಂದ್ರೆ ನಿಮ್ಮ ಧ್ವನಿ ಕೇಳೋದು ಅಂತಾಗುತ್ತೆ, ಸಂಗೀತ ಕಛೇರಿ ಮಾಡುವವರಿಗೆ ಬರೀಬಹುದು. 'ಲಿಸನಿಂಗ್ ಫ್ರಮ್ ಯೂ' ಅನ್ನೋದು ಇಂಗ್ಲಿಷಲ್ಲೇ ಇಲ್ಲ.

ಈಗ ಎರಡು ಪತ್ರ ತಿದ್ದೋಣ

ಮಂಡ್ಯದಲ್ಲಿ ಇಂಜಿನಿಯರಿಂಗ್ ಕೊನೆ ವರ್ಷ ಓದುವ ಒಬ್ಬ ಹುಡುಗ ಇಂಟರ್ವ್ಯೂ ಮುಗಿಸಿ ಬಂದು ಹೀಗೆ ಬರೆದ ಅಂದುಕೊಳ್ಳಿ: 'ಐ ಆಮ್ ಲುಕ್ ಫಾರ್ವರ್ಡ್ ಟು ಜಾಯಿನ್ ಯುವರ್ ಎಸ್ಟೀಮ್ಡ್ ಕಂಪನಿ ಅಂಡ್ ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ಪಾಸಿಟಿವ್ ರಿಪ್ಲೈ.'

'ಐ ಆಮ್ ಲುಕ್' ತಪ್ಪು, 'ಟು ಜಾಯಿನ್' ತಪ್ಪು, 'ಫಾರ್' ತಪ್ಪು. ಇಷ್ಟು ಈಗ ನಿಮಗೇ ಕಾಣುತ್ತೆ. ಆದ್ರೆ ವ್ಯಾಕರಣ ತಿದ್ದಿದ ಮೇಲೂ ಸಾಲು ಸರಿಹೋಗಲ್ಲ. 'ಐ ಲುಕ್ ಫಾರ್ವರ್ಡ್ ಟು ಜಾಯಿನಿಂಗ್ ಯುವರ್ ಕಂಪನಿ' ಅಂದ್ರೆ ಕೆಲಸ ಸಿಕ್ಕಿದೆ ಅಂತ ತಾನೇ ತೀರ್ಮಾನ ಮಾಡಿಬಿಟ್ಟಂತೆ. ಈ ಮಾತು ನಡೆಯೋದು ಖಚಿತ ಆಗಿರುವ, ಇಲ್ಲವೇ ಆಗೋದು ಸಹಜ ಅನ್ನಿಸುವ ವಿಷಯಕ್ಕೆ. ಉತ್ತರ ಬರೋದು ಸಹಜ, ಹಾಗಾಗಿ 'ಹಿಯರಿಂಗ್ ಫ್ರಮ್ ಯೂ' ಸರಿ. ಕೆಲಸ ಸಿಗೋದು ಇನ್ನೂ ಅವರ ಕೈಲಿದೆ. 'ಪಾಸಿಟಿವ್ ರಿಪ್ಲೈ' ಕೂಡ ಹಾಗೇ, ಹೌದು ಅಂತಲೇ ಹೇಳಿ ಅಂತ ಒತ್ತಾಯ ಮಾಡಿದ ಹಾಗೆ ಕೇಳಿಸುತ್ತೆ. 'ಎಸ್ಟೀಮ್ಡ್' ಬೇಕಾಗಿಲ್ಲ, ಕಂಪನಿ ಹೆಸರು ಹಾಕಿ.

ಹೀಗೆ ಬರೀರಿ: 'ಥ್ಯಾಂಕ್ ಯೂ ಫಾರ್ ಮೀಟಿಂಗ್ ಮಿ ಯೆಸ್ಟರ್‌ಡೇ. ಐ ಎಂಜಾಯ್ಡ್ ಲರ್ನಿಂಗ್ ಅಬೌಟ್ ದಿ ಟೆಸ್ಟಿಂಗ್ ಟೀಮ್, ಅಂಡ್ ಐ ವುಡ್ ಬಿ ಗ್ಲ್ಯಾಡ್ ಟು ವರ್ಕ್ ವಿತ್ ಯೂ. ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯೂ.' ಆಫರ್ ಲೆಟರ್ ಕೈಗೆ ಬಂದ ಮೇಲೆ ಧೈರ್ಯವಾಗಿ 'ಐ ಲುಕ್ ಫಾರ್ವರ್ಡ್ ಟು ಜಾಯಿನಿಂಗ್ ಆನ್ ಮಂಡೇ' ಅನ್ನಿ. ಪ್ರೊಫೆಸರಿಗೆ ಪಿಎಚ್‌ಡಿ ಸೀಟು ಕೇಳುವಾಗಲೂ ಇದೇ ಎಚ್ಚರ ಬೇಕು. ಅವರು ಇನ್ನೂ ಒಪ್ಪಿಲ್ಲ. ರಜೆ ಕೇಳುವ ಪತ್ರದಲ್ಲಿ 'ಲುಕಿಂಗ್ ಫಾರ್ವರ್ಡ್ ಟು ಯುವರ್ ಅಪ್ರೂವಲ್' ಅನ್ನೋದು ಮೇಲಿನವರ ಮೇಲೆ ಒತ್ತಡ ಹಾಕಿದಂತೆ ಇರುತ್ತೆ, ಅದರ ಬದಲು 'ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯೂ ಕುಡ್ ಅಪ್ರೂವ್ ದಿಸ್' ಒಳ್ಳೇದು. ಅದೇ ಬ್ಯಾಂಕಿಗೆ ದೂರು ಕೊಡುವಾಗ ಆ ಒತ್ತಡವೇ ಬೇಕಾಗಿರೋದು, ಅಲ್ವಾ? ಆಗ 'ಐ ಲುಕ್ ಫಾರ್ವರ್ಡ್ ಟು ಯುವರ್ ಪ್ರಾಂಪ್ಟ್ ರಿಪ್ಲೈ' ಅಂತ ಮರ್ಯಾದೆಯಿಂದಲೇ ಬಿಗಿಯಾಗಿ ಹೇಳಬಹುದು.

ಎರಡನೇ ಪತ್ರ ಗೋಕುಲಂನದು. ಹೋಮ್‌ಸ್ಟೇ ನಡೆಸುವವರು ದಸರಾಕ್ಕೆ ಬರುವ ಅತಿಥಿಗೆ ಬರೀತಾ ಇದ್ದಾರೆ. ಇಲ್ಲಿ 'ಐ ಲುಕ್ ಫಾರ್ವರ್ಡ್' ತೀರಾ ಆಫೀಸಿನ ಥರ ಆಗುತ್ತೆ. ಹೀಗಿರಲಿ: 'ವಿ ಆರ್ ರಿಯಲಿ ಲುಕಿಂಗ್ ಫಾರ್ವರ್ಡ್ ಟು ಹ್ಯಾವಿಂಗ್ ಯೂ ವಿತ್ ಅಸ್ ಫಾರ್ ದಸರಾ. ದಿ ಪ್ಯಾಲೆಸ್ ಈಸ್ ಲಿಟ್ ಅಪ್ ಎವ್ರಿ ಈವ್ನಿಂಗ್, ಅಂಡ್ ಮೈ ಡಾಟರ್ ಈಸ್ ಲುಕಿಂಗ್ ಫಾರ್ವರ್ಡ್ ಟು ಶೋಯಿಂಗ್ ಯೂ ದಿ ಡಾಲ್ಸ್ ಅಟ್ ಹೋಮ್.' 'ಹ್ಯಾವಿಂಗ್ ಯೂ' ಅಂದ್ರೆ ನೀವು ನಮ್ಮ ಜೊತೆ ಇರೋದು. ಅತಿಥಿಗೆ ಹೇಳೋಕೆ ಇದಕ್ಕಿಂತ ಬೆಚ್ಚಗಿನ ಮಾತು ಇಂಗ್ಲಿಷಲ್ಲಿ ಕಡಿಮೆ. ಮನೇಲಿ ಬೊಂಬೆ ಕೂರಿಸಿರೋದನ್ನ ಬರೆದಿದ್ದೀರಲ್ಲ, ಅದು ಬರೀ ಔಪಚಾರಿಕ ಸಾಲಲ್ಲ ಅಂತ ಅವರಿಗೆ ಗೊತ್ತಾಗುತ್ತೆ.

ಅವರು ಬರೋದು ಕ್ಯಾನ್ಸಲ್ ಆಯ್ತು ಅಂದುಕೊಳ್ಳಿ. ಆಗ ಕಾಲ ಹಿಂದಕ್ಕೆ ಹೋಗುತ್ತೆ: 'ವಿ ವರ್ ಲುಕಿಂಗ್ ಫಾರ್ವರ್ಡ್ ಟು ಸೀಯಿಂಗ್ ಯೂ.' ಈ ಒಂದು 'ವರ್' ಒಳಗೆ ಸಣ್ಣ ನಿರಾಸೆ ತಾನಾಗಿ ಕೂತಿರುತ್ತೆ. ಹಾಗಾಗಿ ಏನೂ ಕ್ಯಾನ್ಸಲ್ ಆಗದೇ ಇದ್ದಾಗ ಸುಮ್ನೆ 'ವಿ ವರ್' ಬಳಸಬೇಡಿ, ಓದುವವರು ಏನೋ ತಪ್ಪಿಹೋಯ್ತು ಅಂದುಕೊಳ್ತಾರೆ.

ಅಕ್ಕಪಕ್ಕದ ಮಾತುಗಳು

ಸ್ನೇಹಿತರಿಗೆ 'ಐ ಕಾಂಟ್ ವೇಟ್' ಇನ್ನೂ ಚೆನ್ನ. ಆದ್ರೆ ಇಲ್ಲಿ 'ಟು' ಮೊದಲನೇ ಥರದ್ದು: 'ಐ ಕಾಂಟ್ ವೇಟ್ ಟು ಸೀ ಯೂ'. 'ಟು ಸೀಯಿಂಗ್' ಅಲ್ಲ. ಕನ್ನಡದ ಪರೀಕ್ಷೆ ಇಲ್ಲೂ ಕೈ ಹಿಡಿಯುತ್ತೆ, 'ನಿನ್ನ ನೋಡೋಕೆ ತಡೆಯೋಕೇ ಆಗ್ತಿಲ್ಲ' ಅಂತೀವಿ, 'ಓಕೆ' ಬಂತು, ಮೂಲರೂಪ ಸಾಕು. 'ಆಂಟಿಸಿಪೇಟ್' ಬೇರೆ. ಅದು ಮುಂದೆ ಏನಾಗುತ್ತೆ ಅಂತ ಊಹಿಸಿ ತಯಾರಾಗೋದು, ಅಲ್ಲಿ ಖುಷಿ ಇರಬೇಕು ಅಂತಿಲ್ಲ. 'ಐ ಆಂಟಿಸಿಪೇಟ್ ಮೀಟಿಂಗ್ ಯೂ' ಅಂತ ಬರೆಯೋಕೆ ಹೋಗಬೇಡಿ, ಓದೋಕೆ ತಣ್ಣಗಿರುತ್ತೆ.

ಫೋನಿನಲ್ಲಿ ಯಾರಾದ್ರೂ 'ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯೂ' ಅಂದ್ರೆ ನಮ್ಮವರು 'ಓಕೆ' ಅಂತ ಹೇಳಿ ಇಟ್ಟುಬಿಡ್ತಾರೆ. ಅದು ಒರಟಾಗಿ ಕೇಳಿಸುತ್ತೆ. 'ಸೋ ಆಮ್ ಐ', 'ಲೈಕ್‌ವೈಸ್', ಗೆಳೆಯರಾದ್ರೆ 'ಮಿ ಟೂ'.

ಸ್ಪೆಲ್ಲಿಂಗ್, ಚುಕ್ಕಿ, ಸಹಿ

'ಫಾರ್ವರ್ಡ್' ಸ್ಪೆಲ್ಲಿಂಗ್: ಎಫ್, ಓ, ಆರ್, ಡಬ್ಲ್ಯೂ, ಎ, ಆರ್, ಡಿ. ಆರ್ ಆದಮೇಲೆ ಒಂದು ಇ ಸೇರಿಸಿ, ಡಬ್ಲ್ಯೂ ಆದಮೇಲೆ ಎ ಬದಲು ಓ ಬರೆದ್ರೆ ಅದು ಪುಸ್ತಕದ ಮುನ್ನುಡಿ ಆಗುತ್ತೆ. ಅದೂ ಒಂದು ನಿಜವಾದ ಪದವೇ ಆಗಿರೋದರಿಂದ ಸಾಮಾನ್ಯ ಸ್ಪೆಲ್ ಚೆಕ್ ಅದರ ಕೆಳಗೆ ಕೆಂಪು ಗೆರೆ ಎಳೆಯಲ್ಲ. ಇ ಇಲ್ಲದೆ, ಎ ಬದಲು ಓ ಹಾಕಿದ್ದು ಯಾವ ಪದವೂ ಅಲ್ಲ.

ಹಳೇ ಕಾಲದ ಪತ್ರಗಳಲ್ಲಿ 'ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯೂ, ಐ ರಿಮೇನ್, ಯುವರ್ಸ್ ಫೇತ್‌ಫುಲಿ' ಅಂತ ಒಂದೇ ಉಸಿರಿಗೆ ಸಹಿವರೆಗೂ ವಾಕ್ಯ ಹೋಗ್ತಿತ್ತು. ಅದಕ್ಕೇ ಅಲ್ಲಿ ಕಾಮಾ. ಈಗ 'ಐ ರಿಮೇನ್' ಬಿಟ್ಟುಹೋಗಿದೆ, ಹಾಗಾಗಿ ಸಾಲು ಮುಗಿದ ಕೂಡಲೇ ಪೂರ್ಣವಿರಾಮ ಇಡಿ. ಅದರ ಕೆಳಗೆ, 'ಡಿಯರ್ ಸರ್' ಅಥವಾ 'ಡಿಯರ್ ಮೇಡಂ' ಅಂತ ಶುರು ಮಾಡಿದ್ರೆ 'ಯುವರ್ಸ್ ಫೇತ್‌ಫುಲಿ', ಹೆಸರು ಹಿಡಿದು ಶುರು ಮಾಡಿದ್ರೆ 'ಯುವರ್ಸ್ ಸಿನ್ಸಿಯರ್ಲಿ', ಗುರುತಿನವರಾದ್ರೆ 'ವಾರ್ಮ್ ರಿಗಾರ್ಡ್ಸ್'. 'ಯುವರ್ಸ್' ಬರೆಯುವಾಗ ಎಸ್ ಮುಂಚೆ ಮೇಲಿನ ಕೊಂಬು, ಅಂದ್ರೆ ಅಪಾಸ್ಟ್ರಫಿ, ಹಾಕಬೇಡಿ.